ಆಫೀಸಿನ ಕಂಪ್ಯೂಟರಿನಲ್ಲಿ ಯಾವ ಸಾಫ್ಟ್‌ವೇರ್ ಇರಲಿ, ಯಾವುದು ಬೇಡ: ಕೊಡಗಿನ ಸಣ್ಣ ಕಚೇರಿಗಳಿಗೆ ಸಮಗ್ರ ಮಾರ್ಗದರ್ಶಿ

ತೋಟದ ಆಫೀಸು, ಹೋಂಸ್ಟೇ, ಸೊಸೈಟಿ, ಕಾಫಿ ವ್ಯಾಪಾರಿಯ ಗೋಡೌನು, ಕಾಫಿ ಹದ ಮಾಡುವ ಕ್ಯೂರಿಂಗ್ ವರ್ಕ್ಸ್. ಐದರಿಂದ ಹದಿನೈದು ಕಂಪ್ಯೂಟರ್ ಇರುವ ಇಂಥ ಜಾಗಗಳಲ್ಲಿ ಒಂದೇ ತಪ್ಪು ಮತ್ತೆ ಮತ್ತೆ ಆಗುತ್ತಿದೆ. ಯಾವುದೋ ಯಂತ್ರಕ್ಕೆ ವೈರಸ್ ಬಂತೆಂದು ಮಾಲೀಕರು ಸೋಮವಾರ ಬೆಳಿಗ್ಗೆ ಎಲ್ಲವನ್ನೂ ಬಂದ್ ಮಾಡಿಸುತ್ತಾರೆ. ಬುಧವಾರ ಜಿಎಸ್‌ಟಿ ಸಹಿಯ ಟೋಕನ್ (ಡಿಜಿಟಲ್ ಸಹಿ ಇಟ್ಟ ಯುಎಸ್‌ಬಿ ಸಾಧನ) ಕೆಲಸ ಮಾಡುವುದಿಲ್ಲ. ಗುರುವಾರ ಪ್ರಿಂಟರ್ ಮುಷ್ಕರ. ಶನಿವಾರ ಬಟವಾಡೆ ಪಟ್ಟಿ ತೆಗೆಯಲಾಗದೆ ರೈಟರ್ (ತೋಟದ ಗುಮಾಸ್ತ) ಕೈಗೆ ಅಡ್ಮಿನ್ ಪಾಸ್‌ವರ್ಡ್ ಕೊಟ್ಟುಬಿಡುತ್ತಾರೆ. ಸಂತೆ ಮುಗಿಯುವಷ್ಟರಲ್ಲಿ ಅದು ಇಡೀ ಆಫೀಸಿಗೆ ಗೊತ್ತಾಗಿರುತ್ತದೆ.

ಇಲ್ಲಿ ಕೆಟ್ಟಿರುವುದು ಕೆಲಸದ ಕ್ರಮ. ಬೇಡದ ಸಾಫ್ಟ್‌ವೇರ್ ಓಡದಂತೆ ಬೀಗ ಹಾಕುವುದು ಏಳನೆಯ ಹಂತ. ಅದಕ್ಕೆ ಮೊದಲಿನ ಆರನ್ನು ಹಾರಿಸಿದವರೇ ವಾರದೊಳಗೆ ಬೀಗ ಒಡೆಯುವುದು. ಕೆಳಗಿನ ಹಂತಗಳನ್ನು ಹಿಂದುಮುಂದು ಮಾಡಬೇಡಿ.

## ಶುರು ಮಾಡುವ ಮೊದಲು: ಸಾಮಾನು ಮತ್ತು ದಿನ

ಬೇಕಾಗುವುದು ಇಷ್ಟೇ: ಗೆರೆ ಹಾಕಿದ ಒಂದು ರಿಜಿಸ್ಟರ್, ಬ್ಯಾಕಪ್‌ಗೆ ಒಂದು ಎಕ್ಸ್‌ಟರ್ನಲ್ ಹಾರ್ಡ್‌ಡಿಸ್ಕ್, ಇನ್‌ಸ್ಟಾಲರ್‌ಗಳನ್ನು ಇಡಲು 32 ಜಿಬಿಯ ಒಂದು ಪೆನ್‌ಡ್ರೈವ್, ಚೆನ್ನಾಗಿರುವ ಯುಪಿಎಸ್, ಒಂದು ಗಟ್ಟಿ ಲಕೋಟೆ. ಲಕೋಟೆ ಏಕೆಂಬುದು ಆರನೇ ಹಂತದಲ್ಲಿ ಗೊತ್ತಾಗುತ್ತದೆ.

ದಿನ ಆರಿಸುವುದರಲ್ಲೇ ಅರ್ಧ ಕೆಲಸ ಇದೆ. ಟಿಡಿಎಸ್ ಕಟ್ಟುವುದು 7ಕ್ಕೆ, ಜಿಎಸ್‌ಟಿಆರ್-1 11ಕ್ಕೆ, ಪಿಎಫ್ ಮತ್ತು ಇಎಸ್‌ಐ 15ಕ್ಕೆ, ತಿಂಗಳ ಲೆಕ್ಕದವರ ಜಿಎಸ್‌ಟಿಆರ್-3ಬಿ 20ಕ್ಕೆ. ಆದ್ದರಿಂದ ಬೀಗದ ಕೆಲಸವನ್ನು 22ರ ನಂತರವೇ ಇಟ್ಟುಕೊಳ್ಳಿ, ಬಟವಾಡೆಯ ದಿನ ಬೇಡವೇ ಬೇಡ. ತೋಟದ ಆಫೀಸಾದರೆ ಡಿಸೆಂಬರಿನಿಂದ ಮಾರ್ಚ್‌ವರೆಗೆ ಕೈ ಹಾಕಬೇಡಿ. ಕೊಯ್ಲು, ಕಣ, ಲೋಡು ಎಂದು ಯಾರಿಗೂ ಪುರುಸೊತ್ತಿಲ್ಲ, ಹಿಂದೆಯೇ ವರ್ಷದ ಲೆಕ್ಕ ಮುಗಿಸುವ ಗಡಿಬಿಡಿ. ಅವರಿಗೆ ಏಪ್ರಿಲ್ ಕೊನೆ, ಮೇ ತಿಂಗಳು ಒಳ್ಳೆಯದು. ಹೋಂಸ್ಟೇಗಳಿಗೆ ಅದೇ ಮೇ ತಿಂಗಳು ಜನ ತುಂಬುವ ಕಾಲ, ಅವರು ಮಳೆಗಾಲದ ಖಾಲಿ ವಾರ ನೋಡಿಕೊಳ್ಳಬೇಕು. ಆದರೆ ಜುಲೈಯಲ್ಲಿ ಯುಪಿಎಸ್ ಇಲ್ಲದೆ ಮುಟ್ಟಬೇಡಿ. ಮರ ಬಿದ್ದು ಕರೆಂಟ್ ಹೋಗಿ, ಅಪ್‌ಡೇಟ್ ಅರ್ಧಕ್ಕೆ ನಿಂತ ಯಂತ್ರವನ್ನು ಮೈಸೂರಿಗೆ ಹೊತ್ತುಕೊಂಡು ಹೋಗಬೇಕಾದೀತು.

ಪ್ರತಿ ಯಂತ್ರದಲ್ಲೂ ಸೆಟ್ಟಿಂಗ್ಸ್, ಸಿಸ್ಟಂ, ಅಬೌಟ್ ತೆರೆದು ಎರಡು ವಿಷಯ ಬರೆದುಕೊಳ್ಳಿ: ವಿಂಡೋಸ್ 10ಓ 11ಓ, ಹೋಮ್ ಆವೃತ್ತಿಯೋ ಪ್ರೋ ಆವೃತ್ತಿಯೋ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ನಿಂತಿದೆ. ಇನ್ನೂ ಅದರಲ್ಲೇ ಓಡುವ ಯಂತ್ರಗಳನ್ನು ಬದಲಿಸುವ ಪಟ್ಟಿಗೆ ಹಾಕಿ. ಹೋಮ್ ಆವೃತ್ತಿಯಲ್ಲಿ ಲೋಕಲ್ ಸೆಕ್ಯೂರಿಟಿ ಪಾಲಿಸಿ ಎಂಬ ಕಿಟಕಿಯೇ ಇರುವುದಿಲ್ಲ, ಆ ಯಂತ್ರಗಳಿಗೆ ಏಳನೇ ಹಂತದಲ್ಲಿ ಬೇರೆ ದಾರಿ ಹೇಳಿದೆ.

## ಹಂತ 1: ಏನಿದೆ ಎಂದು ಎಣಿಸಿ

ಸೆಟ್ಟಿಂಗ್ಸ್‌ನ ಆಪ್ಸ್ ಪಟ್ಟಿ ನೋಡಿ ಎಣಿಕೆ ಮುಗಿಯಿತು ಎನ್ನುವವರು ಮುಕ್ಕಾಲು ಭಾಗ ನೋಡಿರುವುದಿಲ್ಲ. ನಾಲ್ಕು ಕಡೆ ನೋಡಬೇಕು.

ಮೊದಲನೆಯದು ಆ ಪಟ್ಟಿಯೇ. ಎರಡನೆಯದು, ಪ್ರತಿ ಬಳಕೆದಾರರ ಫೋಲ್ಡರ್‌ನೊಳಗೆ ಅಡಗಿರುವ ಆಪ್‌ಡೇಟಾ ಮತ್ತು ಎದುರಿಗೇ ಇರುವ ಡೌನ್‌ಲೋಡ್ಸ್. ಟೆಲಿಗ್ರಾಂ, ಜೂಮ್‌ನಂಥವು ಅಡ್ಮಿನ್ ಅನುಮತಿಯನ್ನೇ ಕೇಳದೆ ಆಪ್‌ಡೇಟಾದೊಳಗೆ ಕೂತುಬಿಡುತ್ತವೆ. ದೂರದಿಂದ ಕಂಪ್ಯೂಟರ್ ನಡೆಸುವ ಎನಿಡೆಸ್ಕ್ ಇನ್‌ಸ್ಟಾಲ್ ಕೂಡ ಆಗಬೇಕಿಲ್ಲ, ಡೌನ್‌ಲೋಡ್ಸ್‌ನಿಂದಲೇ ಓಡುತ್ತದೆ. ಮೂರನೆಯದು ಕ್ರೋಮ್ ಮತ್ತು ಎಡ್ಜ್‌ನ ಎಕ್ಸ್‌ಟೆನ್ಷನ್ ಪುಟ. ಪಿಡಿಎಫ್ ಬದಲಿಸುವ, ಕೂಪನ್ ಹುಡುಕುವ ಎಕ್ಸ್‌ಟೆನ್ಷನ್‌ಗಳಿಗೆ ಎಷ್ಟೋ ಸಲ ನೀವು ತೆರೆದ ಎಲ್ಲ ಪುಟ ಓದುವ ಅನುಮತಿ ಇರುತ್ತದೆ, ಬ್ಯಾಂಕಿನ ಪುಟವೂ ಸೇರಿ.

ನಾಲ್ಕನೆಯದನ್ನು ಯಾರೂ ನೋಡುವುದಿಲ್ಲ. ವಿಂಡೋಸ್ ಸೆಕ್ಯೂರಿಟಿ ತೆರೆದು, ವೈರಸ್ ಅಂಡ್ ಥ್ರೆಟ್ ಪ್ರೊಟೆಕ್ಷನ್‌ನ ಸೆಟ್ಟಿಂಗ್ಸ್‌ಗೆ ಹೋಗಿ, ತಳದಲ್ಲಿರುವ ಎಕ್ಸ್‌ಕ್ಲೂಷನ್ಸ್ ಒತ್ತಿ. ಅಲ್ಲಿ ಯಾವುದಾದರೂ ಫೋಲ್ಡರ್ ಹೆಸರಿದ್ದರೆ, ‘ಇದನ್ನು ತಪಾಸಣೆ ಮಾಡಬೇಡ’ ಎಂದು ಯಾರೋ ವಿಂಡೋಸ್‌ನ ವೈರಸ್ ಕಾವಲುಗಾರ ಡಿಫೆಂಡರ್‌ಗೆ ಹೇಳಿದ್ದಾರೆ ಎಂದರ್ಥ. ಕ್ರ್ಯಾಕ್ ಮಾಡಿದ (ಲೈಸೆನ್ಸ್ ಮುರಿದ ಕಳ್ಳ ಪ್ರತಿಯ) ವಿಂಡೋಸ್, ಆಫೀಸ್, ಟ್ಯಾಲಿ ಹಾಕಿಕೊಟ್ಟವರು ಬಿಟ್ಟುಹೋಗುವ ಹೆಜ್ಜೆಗುರುತು ಬಹುಪಾಲು ಇದೇ. ಕಾರಣ ಗೊತ್ತಿಲ್ಲದ ಎಕ್ಸ್‌ಕ್ಲೂಷನ್ ಕಂಡರೆ ಅದನ್ನು ತೆಗೆದು, ಫುಲ್ ಸ್ಕ್ಯಾನ್ ಓಡಿಸಿ, ಆಮೇಲೆ ಮುಂದೆ ಹೋಗಿ.

ಐದು ಯಂತ್ರಕ್ಕೆ ಅರ್ಧ ದಿನ ಹಿಡಿಯುತ್ತದೆ. ಈ ಹಂತದಲ್ಲಿ ಎಕ್ಸ್‌ಕ್ಲೂಷನ್ ತೆಗೆದು ಸ್ಕ್ಯಾನ್ ಮಾಡುವುದು ಬಿಟ್ಟರೆ ಯಾವ ಸಾಫ್ಟ್‌ವೇರನ್ನೂ ಅಳಿಸಬೇಡಿ, ಯಾರನ್ನೂ ಬೈಯಬೇಡಿ. ಬೈಗುಳ ಬಿದ್ದರೆ ಮುಂದಿನ ಮೇಜಿನವರು ನೀವು ಬರುವ ಮೊದಲೇ ಎಲ್ಲ ಬಚ್ಚಿಡುತ್ತಾರೆ.

## ಹಂತ 2: ಮೇಜು ಮೇಜಿಗೆ ಕೂತು ಕೆಲಸ ಬರೆದುಕೊಳ್ಳಿ

ಇಡೀ ಮಾರ್ಗದರ್ಶಿಯಲ್ಲಿ ಹೆಚ್ಚು ಸಮಯ ಬೇಡುವ ಹಂತ ಇದು, ಹೆಚ್ಚು ಮಂದಿ ಬಿಟ್ಟುಬಿಡುವುದೂ ಇದನ್ನೇ. ‘ಯಾವ ಸಾಫ್ಟ್‌ವೇರ್ ಬೇಕು’ ಎಂದು ಕೇಳಿದರೆ ಜನ ಹೆಸರು ಹೇಳುತ್ತಾರೆ. ‘ಬೆಳಿಗ್ಗೆಯಿಂದ ಏನೇನು ಮಾಡುತ್ತೀರಿ’ ಎಂದು ಕೇಳಿ.

ಒಂದು ತೋಟದ ರೈಟರ್ ಮೇಜನ್ನೇ ನೋಡೋಣ. ಬೆಳಿಗ್ಗೆ ಮೇಸ್ತ್ರಿ ಕೊಟ್ಟ ಹಾಜರಿಯನ್ನು ಕೂಲಿ ಪಟ್ಟಿಯಾದ ಚೆಕ್‌ರೋಲ್‌ಗೆ ಏರಿಸುವುದು: ಎಕ್ಸೆಲ್. ಕೊಯ್ಲಿನ ಕಿಲೋ ಲೆಕ್ಕ: ಅದೇ ಎಕ್ಸೆಲ್‌ನ ಇನ್ನೊಂದು ಹಾಳೆ. ತಿಂಗಳಿಗೊಮ್ಮೆ ಪಿಎಫ್ ಫೈಲ್ ಮಾಡಿ ಪೋರ್ಟಲ್‌ಗೆ ಹಾಕುವುದು: ಬ್ರೌಸರ್, ನೋಟ್‌ಪ್ಯಾಡ್. ಕಾರ್ಮಿಕರ ಆಧಾರ್, ಪಾಸ್‌ಬುಕ್ ಪ್ರತಿ: ಫೋನಿನಲ್ಲಿ ಫೋಟೊ ತೆಗೆದು, ವಾಟ್ಸಾಪ್‌ನಲ್ಲಿ ತನಗೇ ಕಳಿಸಿಕೊಂಡು, ಕಂಪ್ಯೂಟರಿನ ವಾಟ್ಸಾಪ್ ವೆಬ್‌ನಿಂದ ಇಳಿಸಿ, ಯಾವುದೋ ಉಚಿತ ವೆಬ್‌ಸೈಟಿನಲ್ಲಿ ಪಿಡಿಎಫ್ ಮಾಡುವುದು. ಪಂಚಾಯಿತಿಗೆ, ಬ್ಯಾಂಕಿಗೆ ಕನ್ನಡ ಪತ್ರ: ಕನ್ನಡ ಟೈಪಿಂಗ್ ತಂತ್ರಾಂಶ ನುಡಿ. ಗೊಬ್ಬರದ ಬಿಲ್ಲು ಲೆಕ್ಕದವರಿಗೆ ಮುಟ್ಟಿಸುವುದು: ಪೆನ್‌ಡ್ರೈವ್.

ಇಷ್ಟು ಬರೆದಾಗ ಅಪಾಯ ಎಲ್ಲಿದೆ ಎಂಬುದು ತಾನಾಗಿ ಕಾಣುತ್ತದೆ. ನಲವತ್ತು ಕಾರ್ಮಿಕರ ಆಧಾರ್ ಪ್ರತಿಗಳು ಯಾರದೋ ಸರ್ವರ್‌ಗೆ ಹೋಗಿ ಪಿಡಿಎಫ್ ಆಗಿ ಬರುತ್ತಿವೆ. ವಾಟ್ಸಾಪ್ ಬಂದ್ ಮಾಡಿದರೆ ಇದು ನಿಲ್ಲುವುದಿಲ್ಲ; ಸ್ಕ್ಯಾನರ್ ಇಲ್ಲದ ಮೇಜಿಗೆ ಸ್ಕ್ಯಾನರ್ ಕೊಟ್ಟರೆ ನಿಲ್ಲುತ್ತದೆ. ಜನ ಹಾಕಿಕೊಂಡ ಪ್ರತಿ ಅಡ್ಡದಾರಿ ಸಾಫ್ಟ್‌ವೇರ್‌ನ ಹಿಂದೆ ಆಫೀಸು ಕೊಡದೆ ಬಿಟ್ಟ ಒಂದು ಸಲಕರಣೆ ಇರುತ್ತದೆ. ಅದನ್ನು ಹುಡುಕಿ.

ಹೋಂಸ್ಟೇಯಲ್ಲಿ ಅತಿಥಿಗಳನ್ನು ಬರಮಾಡಿಕೊಳ್ಳುವ ಮೇಜಿನ ಪಟ್ಟಿ ಬೇರೆ: ಬುಕಿಂಗ್ ಸೈಟುಗಳು, ವಿದೇಶಿ ಅತಿಥಿ ಬಂದ 24 ಗಂಟೆಯೊಳಗೆ ವಿವರ ತುಂಬುವ ಸರಕಾರಿ ಪೋರ್ಟಲ್, ಬಿಲ್ಲಿಂಗ್, ವಾಟ್ಸಾಪ್ ಬಿಸಿನೆಸ್. ಅಲ್ಲಿ ವಾಟ್ಸಾಪ್ ಇಲ್ಲದೆ ವ್ಯಾಪಾರವೇ ಇಲ್ಲ, ನಿಷೇಧದ ಮಾತು ಎತ್ತಲೇಬೇಡಿ. ಅತಿಥಿಗಳಿಂದ ಕೊನೆಯ 4 ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಕೇಳುವ ಅಭ್ಯಾಸ ಮಾಡಿಸಿ. ಲೆಕ್ಕದ ಮೇಜಿನಲ್ಲಿ ಟ್ಯಾಲಿ, ಸಹಿ ಟೋಕನ್‌ನ ಡ್ರೈವರ್, ಜಿಎಸ್‌ಟಿ ಪೋರ್ಟಲ್‌ನಲ್ಲಿ ಸಹಿಗೆ ಬೇಕಾಗುವ ಎಂಸೈನರ್. ಈ ಮೂರನ್ನು ದಪ್ಪ ಅಕ್ಷರದಲ್ಲಿ ಬರೆದಿಡಿ. ಬೀಗ ಹಾಕಿದಾಗ ಮೊದಲು ಕೈಕೊಡುವವು ಇವೇ.

## ಹಂತ 3: ಮೂರು ರಾಶಿ ಮಾಡಿ

‘ಇರಲಿ’, ‘ಕೇಳಿ ಹಾಕಿ’, ‘ಬೇಡ’. ಎರಡೇ ರಾಶಿ ಮಾಡಿದರೆ ನಡುವಿನದೆಲ್ಲ ಕಳ್ಳದಾರಿಯಲ್ಲಿ ಬರುತ್ತದೆ. ಪ್ರತಿ ಸಾಫ್ಟ್‌ವೇರ್‌ಗೂ ನಾಲ್ಕು ಪ್ರಶ್ನೆ ಹಾಕಿ: ಆಫೀಸಿನಲ್ಲಿ ಬಳಸಲು ಇದರ ಲೈಸೆನ್ಸ್ ಒಪ್ಪುತ್ತದೆಯೇ? ನಮ್ಮ ಮಾಹಿತಿ ಇದರಿಂದ ಎಲ್ಲಿಗೆ ಹೋಗುತ್ತದೆ? ಅಪ್‌ಡೇಟ್ ಬರುತ್ತಿದೆಯೇ? ಕೆಟ್ಟರೆ ನೋಡಲು ಜನ ಇದ್ದಾರೆಯೇ?

ಮೊದಲ ಪ್ರಶ್ನೆಯಲ್ಲೇ ಎಡವುವವರು ಬಹಳ. ‘ಉಚಿತ’ ಎಂದರೆ ಮನೆ ಬಳಕೆಗೆ ಉಚಿತ ಎಂದಿರಬಹುದು. ಎನಿಡೆಸ್ಕ್, ಟೀಮ್‌ವ್ಯೂವರ್‌ನ ಉಚಿತ ರೂಪ ವೈಯಕ್ತಿಕ ಬಳಕೆಗೆ ಮಾತ್ರ. ವಿನ್‌ರಾರ್ 40 ದಿನದ ಪ್ರಯೋಗಕ್ಕೆ ಸಿಗುತ್ತದೆ. ಆಮೇಲೂ ತೆರೆಯುತ್ತದೆ ಎಂದ ಮಾತ್ರಕ್ಕೆ ಅನುಮತಿ ಮುಂದುವರಿಯಿತು ಎಂದಲ್ಲ. ಅದರ ಬದಲು ಸೆವೆನ್-ಜಿಪ್ ಹಾಕಿ, ಆಫೀಸಿನಲ್ಲೂ ದುಡ್ಡಿಲ್ಲ. ಬರೀ ಪತ್ರ, ಸಣ್ಣ ಲೆಕ್ಕ ಮಾಡುವ ಮೇಜಿಗೆ ಲಿಬ್ರೆಆಫೀಸ್ ಸಾಕು. ಆದರೆ ಮ್ಯಾಕ್ರೋ (ತಾನಾಗಿ ಓಡುವ ಆಜ್ಞೆಗಳು) ತುಂಬಿದ ಹಳೆಯ ಎಕ್ಸೆಲ್ ಫೈಲ್ ಇರುವ ಮೇಜಿಗೆ ಅದನ್ನು ತುರುಕಬೇಡಿ. ಆ ಮೇಜಿಗೆ ಎಕ್ಸೆಲ್ ಕೊಂಡೇ ಕೊಡಬೇಕು.

ಕ್ರ್ಯಾಕ್ ಪ್ರತಿಗೆ ‘ಕೇಳಿ ಹಾಕಿ’ ರಾಶಿಯಲ್ಲೂ ಜಾಗ ಇಲ್ಲ. ಕಳ್ಳ ಪ್ರತಿ ಎಂದು ಗೊತ್ತಿದ್ದೂ ಕಂಪ್ಯೂಟರಿನಲ್ಲಿ ಬಳಸಿದರೆ 1957ರ ಕೃತಿಸ್ವಾಮ್ಯ ಕಾಯ್ದೆಯ 63ಬಿ ಕಲಂ ಪ್ರಕಾರ 7 ದಿನದಿಂದ 3 ವರ್ಷದವರೆಗೆ ಸೆರೆ, 50 ಸಾವಿರದಿಂದ 2 ಲಕ್ಷ ರೂಪಾಯಿವರೆಗೆ ದಂಡ ಇದೆ. ತೋಟವು ಪ್ರೈವೇಟ್ ಲಿಮಿಟೆಡ್ ಕಂಪನಿಯಾಗಿದ್ದರೆ ಇನ್ನೊಂದು ಮಾತು: 2023ರ ಏಪ್ರಿಲ್ 1ರಿಂದ ಕಂಪನಿಗಳು ಪ್ರತಿ ತಿದ್ದುಪಡಿಯ ದಾಖಲೆ ಉಳಿಸುವ, ಆ ದಾಖಲೆಯನ್ನು ಆರಿಸಲಾಗದ ಲೆಕ್ಕದ ಸಾಫ್ಟ್‌ವೇರನ್ನೇ ಬಳಸಬೇಕು. ಯಾವ ಕಾಲದ್ದೋ ಟ್ಯಾಲಿಯಲ್ಲಿ ಇನ್ನೂ ಲೆಕ್ಕ ಬರೆಯುತ್ತಿದ್ದರೆ ಆಡಿಟರ್ ಹತ್ತಿರ ಇವತ್ತೇ ಮಾತಾಡಿ. ಪಾಲುದಾರಿಕೆ, ಒಬ್ಬರೇ ಮಾಲೀಕರ ತೋಟಕ್ಕೆ ಈ ನಿಯಮ ಬರುವುದಿಲ್ಲ.

ಫೋನಿನಲ್ಲಿ ಒಂದು ವಿಷಯ ಬಹಳ ಮಂದಿ ಮರೆತಿದ್ದಾರೆ. ಕ್ಯಾಮ್‌ಸ್ಕ್ಯಾನರ್, ಶೇರ್‌ಇಟ್, ಯುಸಿ ಬ್ರೌಸರ್, ಜೆಂಡರ್ ಇವು 2020ರ ಜೂನ್ 29ರಂದು ಕೇಂದ್ರ ಸರಕಾರ ನಿಷೇಧಿಸಿದ 59 ಆಪ್‌ಗಳಲ್ಲಿ ಸೇರಿವೆ. ಹಳೆಯ ಫೋನುಗಳಲ್ಲಿ, ಎಪಿಕೆ ಫೈಲಿನಿಂದ (ಪ್ಲೇ ಸ್ಟೋರ್ ಬಿಟ್ಟು ಹೊರಗಿನಿಂದ ಆಪ್ ಹಾಕುವ ಫೈಲು) ಹಾಕಿಸಿಕೊಂಡ ಫೋನುಗಳಲ್ಲಿ ಇನ್ನೂ ಉಳಿದಿರುತ್ತವೆ. ಸ್ಕ್ಯಾನ್ ಮಾಡಲು ಗೂಗಲ್ ಡ್ರೈವ್ ಆಪ್‌ನೊಳಗಿನ ಸ್ಕ್ಯಾನ್ ಗುಂಡಿಯೇ ಸಾಕು. ವಾಟ್ಸಾಪ್‌ನಲ್ಲಿ ಬಂದ ಯಾವ ಎಪಿಕೆಯನ್ನೂ ಆಫೀಸಿನ ಸಿಮ್ ಇರುವ ಫೋನಿನಲ್ಲಿ ಒತ್ತಬಾರದು. ವಾಹನದ ಚಲನ್, ಮದುವೆ ಕರೆಯೋಲೆ ಎಂದು ಹೆಸರಿಟ್ಟು ಬರುವುದು ಬ್ಯಾಂಕಿನ ಓಟಿಪಿ ಕದಿಯುವ ಆಪ್.

ಚಾಟ್‌ಜಿಪಿಟಿಯಂಥ ಎಐ ಸಹಾಯಕಗಳು ‘ಕೇಳಿ ಹಾಕಿ’ ರಾಶಿಗೆ. 2025ರ ಜನವರಿಯಲ್ಲಿ ಕೇಂದ್ರ ಹಣಕಾಸು ಸಚಿವಾಲಯ ತನ್ನ ನೌಕರರಿಗೆ ಆಫೀಸಿನ ಕಂಪ್ಯೂಟರುಗಳಲ್ಲಿ ಚಾಟ್‌ಜಿಪಿಟಿ, ಡೀಪ್‌ಸೀಕ್ ಬಳಸಬೇಡಿ ಎಂದಿತು. ಸಣ್ಣ ಆಫೀಸಿಗೆ ಅಷ್ಟು ಬಿಗಿ ಬೇಕಿಲ್ಲ ಎಂಬುದು ನಮ್ಮ ಎಣಿಕೆ. ಇಂಗ್ಲಿಷ್ ಪತ್ರ ತಿದ್ದಿಸಲಿ, ಎಕ್ಸೆಲ್ ಸೂತ್ರ ಕೇಳಲಿ. ಆದರೆ ಅದರೊಳಗೆ ಹೆಸರು, ಆಧಾರ್, ಖಾತೆ ಸಂಖ್ಯೆ, ಖರೀದಿದಾರರಿಗೆ ಹೇಳಿದ ಕಾಫಿ ದರ, ಔಟ್‌ಟರ್ನ್ ವರದಿ (ಕ್ಯೂರಿಂಗ್ ನಂತರ ಸಿಕ್ಕ ಕಾಫಿಯ ಲೆಕ್ಕ) ಹಾಕಬಾರದು. ಇದನ್ನು ಯಂತ್ರದಿಂದ ತಡೆಯಲಾಗದು, ಕಾಗದದಲ್ಲಿ ಬರೆದು ಹೇಳಬೇಕು.

## ಹಂತ 4: ತೆಗೆಯುವ ಮೊದಲು ಹಳೆಯ ಫೈಲು ನೋಡಿ

ಸೊಸೈಟಿಗಳಲ್ಲಿ ಹೆಚ್ಚು ನಷ್ಟ ಆಗುವುದು ಇಲ್ಲಿ. ‘ಈಗ ಯೂನಿಕೋಡ್ ಇದೆಯಲ್ಲ’ ಎಂದು ನುಡಿಯನ್ನೂ ಅದರ ಫಾಂಟ್‌ಗಳನ್ನೂ ಗುಡಿಸಿ ಹಾಕುತ್ತಾರೆ. ಮರುದಿನ ಹದಿನೈದು ವರ್ಷದ ನಡಾವಳಿ ತೆರೆದರೆ ಕನ್ನಡದ ಜಾಗದಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಸಾಲು. ಫೈಲು ಕೆಟ್ಟಿಲ್ಲ, ಫಾಂಟ್ ಹೋಗಿದೆ ಅಷ್ಟೆ. ಫಾಂಟ್ ಮರಳಿ ಹಾಕಿದರೆ ಸರಿಹೋಗುತ್ತದೆ. ಗಾಬರಿಯಲ್ಲಿ ಆ ಫೈಲನ್ನು ಬೇರೆ ಫಾಂಟಿಗೆ ಬದಲಿಸಿ ಸೇವ್ ಮಾಡಿದರೆ ಮಾತ್ರ ಕಷ್ಟ.

ಸರಿಯಾದ ಕ್ರಮ ಹೀಗೆ: ನುಡಿಯಂಥ ಹಳೆಯ ಆಸ್ಕಿ (ಯೂನಿಕೋಡ್ ಅಲ್ಲದ) ಫಾಂಟ್‌ಗಳನ್ನು ಉಳಿಸಿ. ಹೊಸ ಪತ್ರಗಳನ್ನೆಲ್ಲ ಯೂನಿಕೋಡ್‌ನಲ್ಲಿ ಬರೆಸಿ. ವಿಂಡೋಸ್‌ನೊಳಗೇ ಕನ್ನಡದ ಕೀಬೋರ್ಡ್ ಇದೆ, ಇಂಗ್ಲಿಷ್ ಅಕ್ಷರದಲ್ಲಿ ಒತ್ತಿದರೆ ಕನ್ನಡ ಬರುವ ಫೊನೆಟಿಕ್ ರೂಪವೂ ಇದೆ. ಹಳೆಯದರಲ್ಲಿ ಪದೇ ಪದೇ ಬೇಕಾಗುವುದನ್ನು ಮಾತ್ರ ಪರಿವರ್ತಿಸಿ, ಒತ್ತಕ್ಷರ ಮತ್ತು ಅಂಕಿಗಳನ್ನು ಕಣ್ಣಾರೆ ತಾಳೆ ನೋಡಿ.

ಟ್ಯಾಲಿಯಾದರೆ ಡೇಟಾ ಫೋಲ್ಡರನ್ನು ಹಾರ್ಡ್‌ಡಿಸ್ಕಿಗೆ ಪ್ರತಿ ಮಾಡಿ, ಇನ್ನೊಂದು ಯಂತ್ರದಲ್ಲಿ ತೆರೆದು ನೋಡಿದ ಮೇಲೆಯೇ ಹಳೆಯದನ್ನು ಮುಟ್ಟಿ. ತೆರೆದು ನೋಡದ ಬ್ಯಾಕಪ್ಪನ್ನು ಬ್ಯಾಕಪ್ ಎಂದು ಲೆಕ್ಕಕ್ಕೆ ಹಿಡಿಯಬೇಡಿ.

## ಹಂತ 5: ಒಂದು ಪುಟದ ನಿಯಮ, ಒಂದು ಚೀಟಿ

ನಿಯಮ ಕನ್ನಡದಲ್ಲಿರಲಿ, ಒಂದು ಪುಟ ಮೀರದಿರಲಿ. ಅಂತರ್ಜಾಲದಿಂದ ಇಳಿಸಿದ ಹನ್ನೆರಡು ಪುಟದ ಇಂಗ್ಲಿಷ್ ಪಾಲಿಸಿಗೆ ಎಲ್ಲರೂ ಸಹಿ ಹಾಕುತ್ತಾರೆ, ಯಾರೂ ಓದುವುದಿಲ್ಲ. ಆ ಪುಟದಲ್ಲಿ ಇರಬೇಕಾದದ್ದು: ‘ಇರಲಿ’ ಪಟ್ಟಿ, ‘ಬೇಡ’ ಪಟ್ಟಿ ಮತ್ತು ಪ್ರತಿ ‘ಬೇಡ’ದ ಪಕ್ಕದಲ್ಲಿ ಬದಲಿಯ ಹೆಸರು, ಹೊಸದು ಬೇಕಾದರೆ ಯಾರನ್ನು ಕೇಳಬೇಕು, ತಪ್ಪಿ ಏನಾದರೂ ಒತ್ತಿದರೆ ಯಾರಿಗೆ ಹೇಳಬೇಕು. ಕೊನೆಗೆ ಒಂದು ಸಾಲು ಕಡ್ಡಾಯ: ‘ತಾವಾಗಿ ಬಂದು ಹೇಳಿದವರ ಮೇಲೆ ಕ್ರಮವಿಲ್ಲ.’ ಈ ಸಾಲಿಲ್ಲದ ಆಫೀಸಿನಲ್ಲಿ ವೈರಸ್ ಬಂದ ಸುದ್ದಿ ಮಾಲೀಕರಿಗೆ ಮುಟ್ಟುವುದು ಮೂರು ದಿನ ತಡವಾಗಿ.

ಚೀಟಿಯಲ್ಲಿ ನಾಲ್ಕು ಸಾಲು ಸಾಕು. ಉದಾಹರಣೆಗೆ:

‘ಕೆಲಸ: ಕಾಳುಮೆಣಸಿನ ಲೋಡಿನ ಫೋಟೊಗಳನ್ನು ಸಣ್ಣದು ಮಾಡಿ ಮೇಲ್ ಮಾಡಬೇಕು. ಕೇಳುವ ಸಾಫ್ಟ್‌ವೇರ್: ಫೋಟೊ ಕುಗ್ಗಿಸುವ ಯಾವುದಾದರೂ. ಎಷ್ಟು ದಿನಕ್ಕೆ: ಕಾಯಂ. ಯಾವ ಯಂತ್ರ: ಗೋಡೌನ್ 2.’

ಕೇಳಿದವರಿಗೆ ಎರಡು ಕೆಲಸದ ದಿನದೊಳಗೆ ಉತ್ತರ ಹೋಗಬೇಕು. ‘ಇಲ್ಲ’ ಎಂದರೂ ಸರಿ, ಕಾರಣ ಮತ್ತು ಬದಲಿ ಬರೆದಿರಬೇಕು. ಉತ್ತರ ವಾರಗಟ್ಟಲೆ ಬಾರದಿದ್ದರೆ ಜನ ಚೀಟಿ ಬರೆಯುವುದನ್ನು ಬಿಟ್ಟು ತಮ್ಮ ಫೋನಿನಲ್ಲಿ ಕೆಲಸ ಮುಗಿಸುತ್ತಾರೆ, ಆಫೀಸಿನ ಮಾಹಿತಿ ಅಲ್ಲಿಯೇ ಉಳಿಯುತ್ತದೆ.

ಒಪ್ಪಿದ ಸಾಫ್ಟ್‌ವೇರ್‌ಗಳ ಪೂರ್ತಿ ಇನ್‌ಸ್ಟಾಲರ್‌ಗಳನ್ನು ಆಯಾ ಕಂಪನಿಯ ಸ್ವಂತ ಪುಟದಿಂದ ಇಳಿಸಿ 32 ಜಿಬಿ ಪೆನ್‌ಡ್ರೈವ್‌ನಲ್ಲಿ ಇಡಿ, ಮೂರು ತಿಂಗಳಿಗೊಮ್ಮೆ ಹೊಸದು ಮಾಡಿ. ನೆಟ್ ನಿಧಾನವಿರುವ ಊರುಗಳಲ್ಲಿ ಇದು ದೊಡ್ಡ ಉಪಕಾರ. ಪ್ರಿಂಟರ್ ಡ್ರೈವರ್ ಬೇಕೆಂದು ಗೂಗಲ್‌ನಲ್ಲಿ ಹುಡುಕಿ, ಮೊದಲು ಕಂಡ ಜಾಹೀರಾತಿನ ಕೊಂಡಿ ಒತ್ತಿ ಕೆಟ್ಟ ಯಂತ್ರಗಳಿಗೆ ಲೆಕ್ಕವಿಲ್ಲ.

## ಹಂತ 6: ಖಾತೆಗಳನ್ನು ಬೇರೆ ಮಾಡಿ

ಪ್ರತಿ ಯಂತ್ರದಲ್ಲೂ ಎರಡು ಖಾತೆ ಇರಲಿ. ಒಂದು ಅಡ್ಮಿನ್, ದಿನದ ಕೆಲಸಕ್ಕೆ ಅಲ್ಲ. ಇನ್ನೊಂದು ಸ್ಟ್ಯಾಂಡರ್ಡ್, ಅದರಲ್ಲೇ ಎಲ್ಲರ ಕೆಲಸ, ಮಾಲೀಕರದ್ದೂ. ಮಾಲೀಕರ ಲ್ಯಾಪ್‌ಟಾಪಿಗೆ ಮಾತ್ರ ವಿನಾಯಿತಿ ಕೊಟ್ಟ ಆಫೀಸುಗಳಲ್ಲಿ ಮೊದಲು ಕೆಡುವುದು ಅದೇ ಲ್ಯಾಪ್‌ಟಾಪು.

ಹೊಸ ಅಡ್ಮಿನ್ ಖಾತೆ ಮಾಡಿ, ಅದರಿಂದ ಒಳಗೆ ಹೋಗಿ ಪರೀಕ್ಷಿಸಿದ ಮೇಲೆ ಮಾತ್ರ ಹಳೆಯ ಖಾತೆಯನ್ನು ಸ್ಟ್ಯಾಂಡರ್ಡ್‌ಗೆ ಇಳಿಸಿ. ಹಳೆಯ ಖಾತೆ ಅಳಿಸಬೇಡಿ, ಡೆಸ್ಕ್‌ಟಾಪಿನಲ್ಲಿರುವ ಫೈಲೆಲ್ಲ ಅದರೊಂದಿಗೆ ಹೋಗುತ್ತದೆ. ಅಡ್ಮಿನ್ ಪಾಸ್‌ವರ್ಡನ್ನು ಕಾಗದದಲ್ಲಿ ಬರೆದು, ಆ ಗಟ್ಟಿ ಲಕೋಟೆಯಲ್ಲಿ ಅಂಟಿಸಿ, ಅಂಟಿನ ಮೇಲೆ ಸಹಿ ಹಾಕಿ ಕ್ಯಾಶ್ ಪೆಟ್ಟಿಗೆಯಲ್ಲಿಡಿ. ಪಾಸ್‌ವರ್ಡ್ ಗೊತ್ತಿರುವವರು ಬೆಂಗಳೂರಿಗೆ ಹೋಗಿ ಫೋನು ಸಿಗದ ದಿನಕ್ಕೆ ಇದು. ಲಕೋಟೆ ಒಡೆದರೆ ಮರುದಿನ ಪಾಸ್‌ವರ್ಡ್ ಬದಲಿಸಿ ಹೊಸ ಲಕೋಟೆ ಮಾಡಬೇಕು.

ಇಲ್ಲಿಗೇ ನಿಲ್ಲಿಸುವವರು ಒಂದು ನೆನಪಿಡಿ: ಒಂದನೇ ಹಂತದಲ್ಲಿ ಹೇಳಿದ ಆಪ್‌ಡೇಟಾದ ಸಾಫ್ಟ್‌ವೇರ್‌ಗಳು ಸ್ಟ್ಯಾಂಡರ್ಡ್ ಖಾತೆಯಲ್ಲೂ ಹಾಯಾಗಿ ಓಡುತ್ತವೆ.

## ಹಂತ 7: ಬೀಗ

ಪ್ರೋ ಆವೃತ್ತಿಯ ಯಂತ್ರಗಳಿಗೆ. ಸ್ಟಾರ್ಟ್‌ನಲ್ಲಿ ಲೋಕಲ್ ಸೆಕ್ಯೂರಿಟಿ ಪಾಲಿಸಿ ಹುಡುಕಿ ತೆರೆಯಿರಿ. ಅಪ್ಲಿಕೇಶನ್ ಕಂಟ್ರೋಲ್ ಪಾಲಿಸೀಸ್, ಅದರೊಳಗೆ ಯಾವ ಪ್ರೋಗ್ರಾಂ ಓಡಬಹುದೆಂದು ನಿರ್ಧರಿಸುವ ಆಪ್‌ಲಾಕರ್. ಎಕ್ಸಿಕ್ಯೂಟಬಲ್ ರೂಲ್ಸ್ ಮೇಲೆ ಮೌಸಿನ ಬಲಗುಂಡಿ ಒತ್ತಿ ಕ್ರಿಯೇಟ್ ಡಿಫಾಲ್ಟ್ ರೂಲ್ಸ್ ಆರಿಸಿ. ಮೂರು ನಿಯಮ ಬರುತ್ತವೆ: ಪ್ರೋಗ್ರಾಂ ಫೈಲ್ಸ್ ಫೋಲ್ಡರ್‌ನಲ್ಲಿರುವುದು ಎಲ್ಲರಿಗೂ ಓಡಲಿ, ವಿಂಡೋಸ್ ಫೋಲ್ಡರ್‌ನಲ್ಲಿರುವುದು ಎಲ್ಲರಿಗೂ ಓಡಲಿ, ಅಡ್ಮಿನ್‌ಗೆ ಎಲ್ಲವೂ ಓಡಲಿ. ಅಂದರೆ ಡೌನ್‌ಲೋಡ್ಸ್, ಆಪ್‌ಡೇಟಾ, ಪೆನ್‌ಡ್ರೈವ್‌ನಿಂದ ಸ್ಟ್ಯಾಂಡರ್ಡ್ ಖಾತೆಯಲ್ಲಿ ಯಾವ ಎಕ್ಸಿಕ್ಯೂಟಬಲ್ ಫೈಲೂ ಓಡುವುದಿಲ್ಲ. ನಮಗೆ ಬೇಕಾದದ್ದು ಇದೇ.

ಪ್ಯಾಕೇಜ್ಡ್ ಆಪ್ ರೂಲ್ಸ್‌ನಲ್ಲೂ ಡಿಫಾಲ್ಟ್ ನಿಯಮ ಮಾಡಲೇಬೇಕು. ಇದನ್ನು ಬಿಟ್ಟರೆ ಕ್ಯಾಲ್ಕುಲೇಟರ್, ಫೋಟೋಸ್‌ನಂಥ ವಿಂಡೋಸ್‌ನದೇ ಆಪ್‌ಗಳೂ ತೆರೆಯುವುದಿಲ್ಲ, ಯಂತ್ರವೇ ಕೆಟ್ಟಿತೆಂದು ಎಲ್ಲರೂ ಕೂಗುತ್ತಾರೆ.

ಆಮೇಲೆ ಆಪ್‌ಲಾಕರ್‌ನ ಪ್ರಾಪರ್ಟೀಸ್ ತೆರೆದು ಎರಡಕ್ಕೂ ಕಾನ್ಫಿಗರ್ಡ್ ಗುರುತು ಹಾಕಿ, ಎನ್‌ಫೋರ್ಸ್ ಬದಲು ಆಡಿಟ್ ಓನ್ಲಿ ಆರಿಸಿ. ಆಡಿಟ್‌ನಲ್ಲಿ ಏನೂ ತಡೆಯುವುದಿಲ್ಲ, ‘ಇದನ್ನು ತಡೆಯುತ್ತಿದ್ದೆ’ ಎಂದು ಬರೆದಿಡುತ್ತದೆ. ಕನಿಷ್ಠ ಎರಡು ವಾರ ಹೀಗೇ ಬಿಡಿ. ಒಂದು ಬಟವಾಡೆ, ಒಂದು ಜಿಎಸ್‌ಟಿ ರಿಟರ್ನ್ ಅದರೊಳಗೆ ಬರುವಂತೆ ನೋಡಿ.

ಇಲ್ಲಿ ಎಲ್ಲರೂ ಸಿಕ್ಕಿಬೀಳುವ ಜಾಗ ಒಂದಿದೆ. ಅಪ್ಲಿಕೇಶನ್ ಐಡೆಂಟಿಟಿ ಎಂಬ ಸರ್ವೀಸ್ ಓಡುತ್ತಿರದಿದ್ದರೆ ಆಪ್‌ಲಾಕರ್ ಏನನ್ನೂ ತಡೆಯುವುದಿಲ್ಲ, ಬರೆದಿಡುವುದೂ ಇಲ್ಲ. ಸರ್ವೀಸಸ್ ಕಿಟಕಿಯಿಂದ ಅದನ್ನು ಆಟೋಮ್ಯಾಟಿಕ್ ಮಾಡಲು ವಿಂಡೋಸ್ 10ರಿಂದ ಈಚೆಗೆ ಬಿಡುವುದಿಲ್ಲ. ಕಮಾಂಡ್ ಪ್ರಾಂಪ್ಟನ್ನು ಅಡ್ಮಿನ್ ಆಗಿ ತೆರೆದು, ಇಂಗ್ಲಿಷ್ ಅಕ್ಷರಗಳಲ್ಲಿ ‘ಎಸ್‌ಸಿ’, ‘ಕಾನ್ಫಿಗ್’, ‘ಎಪಿಪಿಐಡಿಎಸ್‌ವಿಸಿ’, ‘ಸ್ಟಾರ್ಟ್=’, ‘ಆಟೋ’ ಈ ಐದನ್ನು ನಡುವೆ ಒಂದೊಂದು ಜಾಗ ಬಿಟ್ಟು ಒಂದೇ ಸಾಲಿನಲ್ಲಿ ಹಾಕಿ ಎಂಟರ್ ಒತ್ತಿ. ಯಂತ್ರ ಮತ್ತೆ ಶುರು ಮಾಡಿ.

ಎರಡು ವಾರದ ನಂತರ ಈವೆಂಟ್ ವ್ಯೂವರ್‌ನಲ್ಲಿ ಅಪ್ಲಿಕೇಶನ್ಸ್ ಅಂಡ್ ಸರ್ವೀಸಸ್ ಲಾಗ್ಸ್, ಮೈಕ್ರೋಸಾಫ್ಟ್, ವಿಂಡೋಸ್, ಆಪ್‌ಲಾಕರ್ ಹೀಗೆ ಇಳಿದು 8003 ಸಂಖ್ಯೆಯ ಸಾಲುಗಳನ್ನು ನೋಡಿ. ಬೀಗ ಹಾಕಿದರೆ ನಿಲ್ಲಲಿರುವ ಪಟ್ಟಿ ಅದೇ. ಸಿ ಅಥವಾ ಡಿ ಡ್ರೈವ್‌ನಲ್ಲಿ ನೇರ ಫೋಲ್ಡರ್ ಮಾಡಿ ಹಾಕಿಸಿದ ಹಳೆಯ ಟ್ಯಾಲಿ, ಸಹಿ ತಂತ್ರಾಂಶ, ತೂಕದ ಸೇತುವೆಯ ಪ್ರೋಗ್ರಾಂ ಅಲ್ಲಿ ಕಾಣಿಸಿಕೊಳ್ಳಬಹುದು. ಬೇಕಾದವುಗಳಿಗೆ ಅನುಮತಿಯ ನಿಯಮ ಸೇರಿಸಿ.

ನಿಯಮದಲ್ಲಿ ಮೂರು ಬಗೆ ಇವೆ. ಕಂಪನಿಯ ಡಿಜಿಟಲ್ ಸಹಿ ಇರುವ ಸಾಫ್ಟ್‌ವೇರ್‌ಗೆ ಪಬ್ಲಿಷರ್ ನಿಯಮ ಹಾಕಿ, ಅಪ್‌ಡೇಟ್ ಆದರೂ ನಡೆಯುತ್ತದೆ. ಸಹಿ ಇಲ್ಲದ್ದಕ್ಕೆ ಫೈಲ್ ಹ್ಯಾಶ್ (ಆ ಫೈಲಿನ ಬೆರಳಚ್ಚು). ಅಪ್‌ಡೇಟ್ ಆದಾಗಲೆಲ್ಲ ಹೊಸದಾಗಿ ಮಾಡಬೇಕು. ಫೋಲ್ಡರ್ ಹೆಸರಿನ ಮೇಲೆ ಅನುಮತಿ ಕೊಡುವ ಪಾತ್ ನಿಯಮ ಸುಲಭ ಎಂದು ಕೈ ಅತ್ತ ಹೋಗುತ್ತದೆ, ಆದರೆ ನೌಕರರು ಫೈಲ್ ಹಾಕಬಹುದಾದ ಫೋಲ್ಡರ್‌ಗೆ ಪಾತ್ ಅನುಮತಿ ಕೊಟ್ಟರೆ ಅಲ್ಲಿಗೆ ಏನು ತಂದು ಹಾಕಿದರೂ ಓಡುತ್ತದೆ. ಮುಂಬಾಗಿಲು ಭದ್ರ ಮಾಡಿ ಅಡುಗೆಮನೆ ಬಾಗಿಲು ತೆರೆದಿಟ್ಟ ಹಾಗೆ.

ಎಲ್ಲ ಸರಿಯಾದ ಮೇಲೆ ಎನ್‌ಫೋರ್ಸ್‌ಗೆ ಬದಲಿಸಿ. ಮೊದಲು ಒಂದೇ ಯಂತ್ರ, ಮೂರು ದಿನ, ಆಮೇಲೆ ಉಳಿದವು. ತಡೆದದ್ದು 8004 ಎಂದು ದಾಖಲಾಗುತ್ತದೆ.

ಹೋಮ್ ಆವೃತ್ತಿಗೆ. ಸ್ಟ್ಯಾಂಡರ್ಡ್ ಖಾತೆಯ ಜೊತೆಗೆ ಸೆಟ್ಟಿಂಗ್ಸ್, ಆಪ್ಸ್, ಅಡ್ವಾನ್ಸ್ಡ್ ಆಪ್ ಸೆಟ್ಟಿಂಗ್ಸ್‌ನಲ್ಲಿ ‘ಆಪ್ ಎಲ್ಲಿಂದ ಪಡೆಯಬೇಕು’ ಎಂಬಲ್ಲಿ ಮೈಕ್ರೋಸಾಫ್ಟ್ ಸ್ಟೋರ್ ಮಾತ್ರ ಎಂದು ಆರಿಸಿ. ಇದು ಗಟ್ಟಿ ಬೀಗವಲ್ಲ, ಚಿಲಕ. ವಾರಕ್ಕೊಮ್ಮೆ ಡೌನ್‌ಲೋಡ್ಸ್ ಮತ್ತು ಆಪ್‌ಡೇಟಾ ನೋಡುವ ಕೆಲಸ ತಪ್ಪುವುದಿಲ್ಲ. ಲೆಕ್ಕದ ಯಂತ್ರ ಹೋಮ್ ಆಗಿದ್ದರೆ ಅದೊಂದನ್ನಾದರೂ ಪ್ರೋಗೆ ಏರಿಸಿ.

## ಹಂತ 8: ಪೆನ್‌ಡ್ರೈವ್ ಮತ್ತು ಬ್ರೌಸರ್

ಪ್ರೋ ಆವೃತ್ತಿಯಲ್ಲಿರುವ ಗ್ರೂಪ್ ಪಾಲಿಸಿ ಎಡಿಟರ್‌ನಲ್ಲಿ ಕಂಪ್ಯೂಟರ್ ಕಾನ್ಫಿಗರೇಶನ್, ಅಡ್ಮಿನಿಸ್ಟ್ರೇಟಿವ್ ಟೆಂಪ್ಲೇಟ್ಸ್, ಸಿಸ್ಟಂ, ರಿಮೂವಬಲ್ ಸ್ಟೋರೇಜ್ ಆಕ್ಸೆಸ್. ಅಲ್ಲಿ ‘ಆಲ್ ರಿಮೂವಬಲ್ ಸ್ಟೋರೇಜ್’ ಎಂಬ ಒಂದೇ ಗುಂಡಿ ಒತ್ತಿ ಮುಗಿಸಬೇಡಿ. ಕೆಲವು ಸಹಿ ಟೋಕನ್‌ಗಳು ಡ್ರೈವರ್ ಹೊತ್ತ ಸಿಡಿ ಡ್ರೈವಿನಂತೆ ಕಾಣಿಸಿಕೊಳ್ಳುತ್ತವೆ, ಅವೂ ನಿಲ್ಲುತ್ತವೆ. ‘ರಿಮೂವಬಲ್ ಡಿಸ್ಕ್ಸ್’ ಸಾಲುಗಳನ್ನು ಮಾತ್ರ ಬಳಸಿ: ಪ್ರೋ ಇರುವ ಎಲ್ಲ ಯಂತ್ರಕ್ಕೂ ಎಕ್ಸಿಕ್ಯೂಟ್ ನಿಷೇಧ, ಲೆಕ್ಕದ ಯಂತ್ರಕ್ಕೆ ರೈಟ್ ನಿಷೇಧವೂ. ಬ್ಯಾಕಪ್ ಹಾರ್ಡ್‌ಡಿಸ್ಕಿಗೂ ಈ ರೈಟ್ ನಿಷೇಧ ತಾಗಬಹುದು; ಆ ಯಂತ್ರದ ಬ್ಯಾಕಪ್ ದಾರಿಯನ್ನು ಮೊದಲೇ ಪರೀಕ್ಷಿಸಿ. ಕೇಬಲ್‌ನಲ್ಲಿ ಸಿಕ್ಕಿಸಿದ ಫೋನು ಈ ಪಟ್ಟಿಗೆ ಬರುವುದಿಲ್ಲ, ಅದಕ್ಕೆ ‘ಡಬ್ಲ್ಯುಪಿಡಿ ಡಿವೈಸಸ್’ ಎಂಬ ಬೇರೆ ಸಾಲು ಇದೆ.

ಬ್ರೌಸರ್‌ಗೆ ಕ್ರೋಮ್, ಎಡ್ಜ್‌ನ ಪಾಲಿಸಿ ಟೆಂಪ್ಲೇಟ್‌ಗಳನ್ನು ಇಳಿಸಿಕೊಂಡು ಎಕ್ಸ್‌ಟೆನ್ಷನ್ ಬ್ಲಾಕ್‌ಲಿಸ್ಟ್‌ನಲ್ಲಿ ನಕ್ಷತ್ರದ ಚಿಹ್ನೆ ಹಾಕಿದರೆ ಎಲ್ಲ ಎಕ್ಸ್‌ಟೆನ್ಷನ್ ಬಂದ್. ಬೇಕಾದ ಒಂದೆರಡನ್ನು ಅಲೌಲಿಸ್ಟ್‌ಗೆ ಸೇರಿಸಿ. ವೆಬ್‌ಸೈಟು ಬಂದ್ ಮಾಡುವ ದೊಡ್ಡ ಪಟ್ಟಿ ಮಾಡಲು ಹೋಗಬೇಡಿ. ಸಮಯ ದಂಡ, ಜನ ಫೋನಿನ ಹಾಟ್‌ಸ್ಪಾಟ್ ಹಾಕಿಕೊಳ್ಳುತ್ತಾರೆ.

## ಹಂತ 9: ದೂರದಿಂದ ರಿಪೇರಿ ಮಾಡುವವರು

ಮಡಿಕೇರಿಯಿಂದ ಭಾಗಮಂಡಲದ ತೋಟಕ್ಕೆ ಹತ್ತು ನಿಮಿಷದ ಕೆಲಸಕ್ಕೆ ಯಾರೂ ಬರುವುದಿಲ್ಲ. ಹಾಗಾಗಿ ದೂರನಿಯಂತ್ರಣದ ತಂತ್ರಾಂಶ ಬೇಕೇ ಬೇಕು, ಆದರೆ ಒಂದೇ ಇರಲಿ. ಮೂರು ನಾಲ್ಕು ಇದ್ದರೆ ಯಾರು ಯಾವುದರಿಂದ ಒಳಗಿದ್ದಾರೆ ಎಂಬುದು ಯಾರಿಗೂ ಗೊತ್ತಿರುವುದಿಲ್ಲ.

ಕೊಂಡ ಲೈಸೆನ್ಸ್ ಇಲ್ಲದಿದ್ದರೆ ವಿಂಡೋಸ್‌ನ ಕ್ವಿಕ್ ಅಸಿಸ್ಟ್ ಬಳಸಿ. ರಿಪೇರಿಯವರು ಕೊಡುವ ಕೋಡ್ 10 ನಿಮಿಷಕ್ಕೆ ಸಾಯುತ್ತದೆ, ನೀವು ಒಪ್ಪದೆ ಪರದೆ ಸಿಗುವುದಿಲ್ಲ. ಅಡ್ಮಿನ್ ಪಾಸ್‌ವರ್ಡ್ ಕೇಳುವ ಕಿಟಕಿ ಬಂದಾಗ ಅವರಿಗೆ ಪರದೆ ಕಪ್ಪಾಗುತ್ತದೆ, ಪಾಸ್‌ವರ್ಡನ್ನು ನೀವೇ ಒತ್ತಬೇಕು. ಅದನ್ನು ಕಿರಿಕಿರಿ ಎಂದುಕೊಳ್ಳಬೇಡಿ, ನಿಮ್ಮ ಲಕೋಟೆಯ ಗುಟ್ಟು ಉಳಿಯುವುದು ಅದರಿಂದಲೇ.

ನಿಯಮ ಒಂದೇ: ಕರೆ ನಾವು ಮಾಡಿದ್ದಾಗಿರಬೇಕು. ಬ್ಯಾಂಕಿನಿಂದ, ಕರೆಂಟ್ ಆಫೀಸಿನಿಂದ, ಮೈಕ್ರೋಸಾಫ್ಟ್‌ನಿಂದ ಎಂದು ಅವರಾಗಿ ಕರೆ ಮಾಡಿ ಕೋಡ್ ಕೊಟ್ಟರೆ ಫೋನ್ ಇಟ್ಟುಬಿಡಿ. ಆಗಲೇ ಪರದೆ ಕೊಟ್ಟಾಗಿದ್ದರೆ ನೆಟ್ ಕೇಬಲ್ ಕಿತ್ತು, ವೈಫೈ ಆರಿಸಿ. ಬೇರೆ ಫೋನಿನಿಂದ ಬ್ಯಾಂಕಿಗೆ ಹೇಳಿ, ದುಡ್ಡು ಹೋಗಿದ್ದರೆ ತಕ್ಷಣ 1930ಕ್ಕೆ ಕರೆ ಮಾಡಿ. ತಡವಾದಷ್ಟೂ ದುಡ್ಡು ಖಾತೆಯಿಂದ ಖಾತೆಗೆ ಹಾರುತ್ತದೆ.

## ಹಂತ 10: ತಿಂಗಳಿಗೆ ಅರ್ಧ ಗಂಟೆ

ತಿಂಗಳ 25ನೇ ತಾರೀಕು ಇಟ್ಟುಕೊಳ್ಳಿ. ಎರಡು ಯಂತ್ರಗಳಲ್ಲಿ ಆಪ್ಸ್ ಪಟ್ಟಿಯನ್ನು ರಿಜಿಸ್ಟರಿನೊಂದಿಗೆ ತಾಳೆ ಹಾಕಿ, ಎಕ್ಸ್‌ಕ್ಲೂಷನ್ಸ್ ನೋಡಿ, 8004ರ ಸಾಲುಗಳನ್ನು ಓದಿ. ಒಂದೇ ಸಾಫ್ಟ್‌ವೇರ್ ಒಂದೇ ಮೇಜಿನಲ್ಲಿ ಪದೇ ಪದೇ ತಡೆಗೆ ಸಿಕ್ಕಿದ್ದರೆ ಅವರ ಪಕ್ಕ ಕೂತು ಯಾವ ಕೆಲಸ ನಿಂತಿದೆ ಕೇಳಿ. ಎರಡನೇ ಹಂತದಲ್ಲಿ ನಾವು ಏನೋ ಬಿಟ್ಟಿದ್ದೇವೆ.

ನೌಕರರು ಕೆಲಸ ಬಿಟ್ಟ ದಿನವೇ ವಾಟ್ಸಾಪ್‌ನ ಲಿಂಕ್ಡ್ ಡಿವೈಸಸ್, ಆಫೀಸಿನ ಮೇಲ್, ಬುಕಿಂಗ್ ಸೈಟು, ಟ್ಯಾಲಿಯ ಬಳಕೆದಾರರ ಪಟ್ಟಿ ಇವುಗಳಿಂದ ಅವರನ್ನು ತೆಗೆಯಿರಿ. ಹಂಚಿಕೊಂಡ ಗೂಗಲ್ ಶೀಟ್‌ಗಳು ನೆನಪಿಗೆ ಬರುವುದೇ ಇಲ್ಲ. ಅದನ್ನು ರಿಜಿಸ್ಟರಿನಲ್ಲಿ ಬೇರೆ ಕಾಲಂ ಮಾಡಿ.

ಈ ಗುರುತುಗಳು ಕಂಡರೆ 25ರವರೆಗೆ ಕಾಯಬೇಡಿ. ಡಿಫೆಂಡರ್ ತಾನಾಗಿ ಆರಿರುವುದು. ಬ್ರೌಸರ್‌ನ ಮೊದಲ ಪುಟ ಬದಲಾಗಿರುವುದು. ಯಾರೂ ಮುಟ್ಟದಾಗ ಮೌಸಿನ ಬಾಣ ಓಡಾಡುವುದು. ಫೈಲುಗಳ ಹೆಸರಿನ ಕೊನೆಗೆ ಅರ್ಥವಿಲ್ಲದ ಬಾಲ ಅಂಟಿಕೊಂಡಿರುವುದು. ಕೊನೆಯದು ಕಂಡರೆ ಆ ಯಂತ್ರವನ್ನು ನೆಟ್‌ನಿಂದ ಬಿಡಿಸಿ, ಬ್ಯಾಕಪ್ ಹಾರ್ಡ್‌ಡಿಸ್ಕನ್ನು ಅದಕ್ಕೆ ಸಿಕ್ಕಿಸಲೇಬೇಡಿ. ‘ಬ್ಯಾಕಪ್ ಇದೆಯಲ್ಲ, ಹಾಕಿ ನೋಡೋಣ’ ಎಂದು ಸಿಕ್ಕಿಸಿದವರ ಬ್ಯಾಕಪ್ಪೂ ಅದೇ ಗತಿಗೆ ಬೀಳುತ್ತದೆ.